ನಡುವಿನ ಜಾಗಕ್ಕೆ ಒಂದು ಹೆಸರು

ಹೊರದೇಶದ ಕನ್ನಡ ಬಳಗವೊಂದರ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ

ಗೆಳೆಯರೇ,

ಮಡಿಲಲ್ಲಿ ಕೂಸನ್ನು ಇಟ್ಟುಕೊಂಡು ಕುಳಿತಿರುವ ನಾಲ್ಕೈದು ಜನ ಎಳೆಯ ತಾಯಂದಿರು ಈ ವೇದಿಕೆಯಿಂದಲೇ ನನಗೆ ಕಾಣುತ್ತಿದ್ದಾರೆ. ಹಿಂದಿನ ಸಾಲಿನಲ್ಲಿ ಬಸುರಿಯರೂ ಇದ್ದಾರೆಂದು ಸಂಘಟಕರು ಹೇಳಿದರು. ಹೀಗಾಗಿ ಭಾಷೆಯ ಉಳಿವು, ಸಂಸ್ಕೃತಿಯ ಅಳಿವು ಎಂದೆಲ್ಲ ದೊಡ್ಡ ಮಾತು ಆಡದೆ, ನಿಮಗೆ ನಾಳೆಯೇ ಕೆಲಸಕ್ಕೆ ಬರಬಹುದಾದ ಒಂದು ಸಣ್ಣ ವಿಷಯವನ್ನು ಎತ್ತಿಕೊಂಡಿದ್ದೇನೆ: ಮಗುವಿನ ಸ್ವಂತ ಹೆಸರಿಗೂ ಮನೆತನದ ಹೆಸರಿಗೂ ನಡುವೆ ಬರುವ ಹೆಸರು, ಅಂದರೆ ಅರ್ಜಿಗಳಲ್ಲಿ ಮಿಡಲ್ ನೇಮ್ ಎಂದು ಕೇಳುವ ಹೆಸರು, ಅದನ್ನು ಗಂಡಿಗೂ ಹೆಣ್ಣಿಗೂ ಸಲ್ಲುವಂತೆ, ಊರಲ್ಲಿ ಹತ್ತು ಮಂದಿಗೆ ಇರುವ ಹೆಸರಾಗದಂತೆ, ಆದರೂ ಕೇಳಿದವರು ಹುಬ್ಬು ಗಂಟಿಕ್ಕದಂತೆ ಆರಿಸುವುದು ಹೇಗೆ ಎಂಬುದು.

ಈ ಪ್ರಶ್ನೆ ನನ್ನ ತಲೆಗೆ ತಾನಾಗಿ ಬಂದದ್ದಲ್ಲ. ಜರ್ಮನಿಯ ಒಂದು ಊರಿನಲ್ಲಿ ನನ್ನ ಮಗಳಿಗೆ ಹೆರಿಗೆಯಾದ ನಾಲ್ಕನೆಯ ದಿನ, ಅಡುಗೆಮನೆಯ ಮೇಜಿನ ಮೇಲೆ ಜನನ ನೋಂದಣಿಯ ಅರ್ಜಿ ಬಿಡಿಸಿಟ್ಟುಕೊಂಡು ಮಗಳು, ಅಳಿಯ, ನಾನು ಮೂವರೂ ಕುಳಿತಿದ್ದೆವು. ಆ ದೇಶದಲ್ಲಿ ಮಗು ಹುಟ್ಟಿದ ಒಂದು ವಾರದೊಳಗೆ ನೋಂದಣಿ ಕಚೇರಿಗೆ ತಿಳಿಸಬೇಕು. ಹೆಸರು ಇನ್ನೂ ಗೊತ್ತುಮಾಡಿಲ್ಲವೆಂದರೆ ಒಂದು ತಿಂಗಳಷ್ಟು ಸಮಯ ಸಿಗುತ್ತದೆ. ನಡುಹೆಸರಿಗೆಂದೇ ಬೇರೆ ಖಾನೆ ಅಲ್ಲಿಲ್ಲ. ಸ್ವಂತ ಹೆಸರಿನ ಖಾನೆಯಲ್ಲಿಯೇ ಎರಡು ಮೂರು ಹೆಸರುಗಳನ್ನು ಸಾಲಾಗಿ ಬರೆಯಬಹುದು, ಎರಡನೆಯದು ನಡುಹೆಸರಿನ ಕೆಲಸ ಮಾಡುತ್ತದೆ. ಮೊದಲ ಹೆಸರು ಮಗಳು ಬಸುರಿಯಾಗಿದ್ದಾಗಲೇ ನಿಶ್ಚಯವಾಗಿತ್ತು. ಅದರ ಮುಂದಿನ ಜಾಗಕ್ಕೆ ಪೆನ್ಸಿಲ್ಲಿನ ತುದಿ ಬಂದು ನಿಂತಿತು. ನಾನು ಒಂದು ಕ್ಷಣವೂ ಯೋಚಿಸದೆ, "ಅಪ್ಪನ ಹೆಸರು ಬರಿ, ಮತ್ತೇನೈತಿ ಅದರಾಗ" ಎಂದೆ. ಮಗಳು ಪೆನ್ಸಿಲ್ ಕೆಳಗಿಟ್ಟು ಕೇಳಿದಳು: "ಅವ್ವಾ, ನಿನ್ನ ನಡುವಿನ ಹೆಸರು ಎಷ್ಟು ಸಲ ಬದಲಾಗೇತಿ, ಹೇಳು ನೋಡೋಣು?"

ಧಾರವಾಡದ ಕಡೆಯವರಿಗೆ ಈ ಪ್ರಶ್ನೆಯ ಚುಚ್ಚು ತಕ್ಷಣ ತಿಳಿಯುತ್ತದೆ. ಉಳಿದವರಿಗಾಗಿ ಬಿಡಿಸಿ ಹೇಳುತ್ತೇನೆ. ನಮ್ಮ ಕಡೆ ಹೆಸರಿಗೆ ಮೂರು ಭಾಗ: ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎನ್ನುವ ಮನೆತನದ ಹೆಸರು. ದತ್ತಾತ್ರೇಯ ರಾಮಚಂದ್ರ ಬೇಂದ್ರೆ, ವಿನಾಯಕ ಕೃಷ್ಣ ಗೋಕಾಕ. ಹಳೆಯ ಮೈಸೂರಿನ ಕಡೆ ಊರು ಮುಂದೆ, ತಂದೆ ನಡುವೆ, ತಾನು ಕೊನೆಗೆ: ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಕೊಡಗಿನಲ್ಲಿ ಒಕ್ಕದ, ಅಂದರೆ ಮನೆತನದ, ಹೆಸರು ಮೊದಲು ಬಂದು, ಆಮೇಲೆ ತಂದೆ, ಆಮೇಲೆ ತಾನು: ಕೊಡಂದೇರ ಮಾದಪ್ಪ ಕಾರಿಯಪ್ಪ. ದಿಕ್ಕು ಯಾವುದಾದರೂ ನಡುವಿನ ಜಾಗ ತಂದೆಯದು. ಆದರೆ ಗಂಡುಮಗನಿಗೆ ಆ ಹೆಸರು ಸಾಯುವವರೆಗೂ ಇರುತ್ತದೆ, ಹೆಣ್ಣುಮಗಳಿಗೆ ಮದುವೆಯ ದಿನದವರೆಗೆ ಮಾತ್ರ. ನನ್ನ ಎಸ್ಸೆಸ್ಸೆಲ್ಸಿ ಮತ್ತು ಪದವಿಯ ಪ್ರಮಾಣಪತ್ರಗಳಲ್ಲಿ ನನ್ನ ಹೆಸರಿನ ಪಕ್ಕ ತಂದೆಯ ಹೆಸರಿದೆ. ರೇಷನ್ ಕಾರ್ಡು, ಪಿಂಚಣಿಯ ಕಾಗದಗಳಲ್ಲಿ ಗಂಡನ ಹೆಸರಿದೆ. ಇವರಿಬ್ಬರೂ ಒಬ್ಬಳೇ ಎಂದು ಸಾಬೀತು ಮಾಡಲು ಛಾಪಾ ಕಾಗದದ ಮೇಲೆ ಅಫಿಡವಿಟ್ ಮಾಡಿಸಿ, ನೋಟರಿಯ ಬಾಗಿಲಲ್ಲಿ ಒಂದು ಮಧ್ಯಾಹ್ನ ಪೂರ್ತಿ ಕುಳಿತವಳು ನಾನು. ನನ್ನ ತಮ್ಮನಿಗೆ ಅಂಥ ಕಾಗದ ಬೇಕಾಗಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಕನ್ನಡದ ಲಿಂಗವಿವಕ್ಷೆಯನ್ನು ಕಲಿಸಿದ ನನಗೆ, ನನ್ನದೇ ಹೆಸರಿನ ನಡುವೆ ಲಿಂಗ ಹೀಗೆ ಅಡಗಿ ಕುಳಿತಿದೆ ಎಂಬುದು ಆ ಅಡುಗೆಮನೆಯ ಮೇಜಿನ ಮುಂದೆ ಹೊಳೆದದ್ದು ಸ್ವಲ್ಪ ತಡವೇ ಆಯಿತೆನ್ನಬೇಕು.

ಹಾಗಿದ್ದರೆ ತಾಯಿಯ ಹೆಸರನ್ನು ಇಡಬಹುದಲ್ಲ ಎಂದು ನೀವು ಕೇಳಬಹುದು. ಅದಕ್ಕೆ ದೊಡ್ಡವರ ದಾರಿಯೇ ಇದೆ. ಬೇಂದ್ರೆಯವರು ಕವಿತೆಗೆ ಅಂಕಿತ ಹಾಕುವಾಗ ತಂದೆ ರಾಮಚಂದ್ರರನ್ನು ಬಿಟ್ಟು ತಾಯಿ ಅಂಬಿಕೆಯನ್ನು ಮುಂದಿಟ್ಟು ಅಂಬಿಕಾತನಯದತ್ತರಾದರು. ಗಾಯಕಿ ಮಧುರೈ ಷಣ್ಮುಖವಡಿವು ಸುಬ್ಬುಲಕ್ಷ್ಮಿಯವರ ಹೆಸರಿನಲ್ಲಿ ನಮಗೆ ಎರಡೇ ಅಕ್ಷರಗಳಾಗಿ ಪರಿಚಿತವಾದ ಎಂ.ಎಸ್. ಎಂಬುದರ ಒಳಗೆ ವೀಣೆ ನುಡಿಸುತ್ತಿದ್ದ ತಾಯಿಯ ಹೆಸರಿದೆ. ಚಿತ್ರ ನಿರ್ದೇಶಕ ಸಂಜಯ್ ಲೀಲಾ ಭನ್ಸಾಲಿಯವರ ನಡುಹೆಸರು ಅವರ ತಾಯಿಯದು. 2024ರ ಮೇ 1ರಂದು ಮತ್ತು ಆಮೇಲೆ ಹುಟ್ಟಿದ ಮಕ್ಕಳ ಸರ್ಕಾರಿ ದಾಖಲೆಗಳಲ್ಲಿ ಮಗುವಿನ ಹೆಸರಾದ ಕೂಡಲೇ ತಾಯಿಯ ಹೆಸರು, ಆಮೇಲೆ ತಂದೆಯದು, ಆಮೇಲೆ ಅಡ್ಡಹೆಸರು ಎಂದು ಪಕ್ಕದ ಮಹಾರಾಷ್ಟ್ರ ಸರ್ಕಾರ ತೀರ್ಮಾನಿಸಿದೆ. ಇದೆಲ್ಲವೂ ನನಗೆ ಸಂತೋಷ ಕೊಡುವ ಸಂಗತಿಯೇ. ಆದರೂ ಮಗಳು ಒಪ್ಪಲಿಲ್ಲ. ತಂದೆಯ ಹೆಸರಾಗಲಿ ತಾಯಿಯ ಹೆಸರಾಗಲಿ ಅದು ಯಾರ ಮಗು ಎಂಬುದನ್ನು ಹೇಳುತ್ತದೆ, ಅದನ್ನು ಹೇಳಲು ಅಡ್ಡಹೆಸರು ಹಿಂದೆ ನಿಂತೇ ಇದೆ, ನಡುವಿನದೊಂದಾದರೂ ಮಗುವಿನದೇ ಆಗಿರಲಿ ಎಂಬುದು ಅವಳ ವಾದ. ಗಂಡೋ ಹೆಣ್ಣೋ ಎಂಬುದನ್ನು ಮೊದಲ ಹೆಸರು ಹೇಳುತ್ತದೆಯಾದ್ದರಿಂದ ಎರಡನೆಯದು ಅದನ್ನೂ ಹೇಳಬೇಕಾಗಿಲ್ಲ ಎಂದಳು.

ನಡುಹೆಸರು ಎಂಬ ಈ ಪದ್ಧತಿಯನ್ನು ಬೆಳೆಸಿದ ಇಂಗ್ಲಿಷ್ ಜಗತ್ತಿನಲ್ಲಿಯೂ ಅದು ಬಹಳ ಹಳೆಯದಲ್ಲ. ಹದಿನೇಳನೆಯ ಶತಮಾನದವರೆಗೆ ಇಂಗ್ಲೆಂಡಿನಲ್ಲಿ ಎರಡು ಸ್ವಂತ ಹೆಸರುಳ್ಳವರು ಅಪರೂಪ. ಅಮೆರಿಕದ ಮೊದಲ ಐವರು ಅಧ್ಯಕ್ಷರಾದ ವಾಷಿಂಗ್ಟನ್, ಆಡಮ್ಸ್, ಜೆಫರ್ಸನ್, ಮ್ಯಾಡಿಸನ್, ಮನ್ರೋ ಯಾರಿಗೂ ನಡುಹೆಸರಿಲ್ಲ. ಆರನೆಯವರಾದ ಜಾನ್ ಕ್ವಿನ್ಸಿ ಆಡಮ್ಸ್ ಅವರಿಗೆ ಬಂತು, ಅದೂ ತಾಯಿಯ ಕಡೆಯ ಮುತ್ತಜ್ಜನ ಮನೆತನದ ಹೆಸರು. ಮುಂದೆ ಇದು ಒಂದು ವಾಡಿಕೆಯೇ ಆಯಿತು. ಫ್ರಾಂಕ್ಲಿನ್ ಡೆಲಾನೋ ರೂಸ್‌ವೆಲ್ಟ್, ಜಾನ್ ಫಿಟ್ಸ್‌ಜೆರಾಲ್ಡ್ ಕೆನಡಿ, ಲಿಂಡನ್ ಬೇನ್ಸ್ ಜಾನ್ಸನ್, ರಿಚರ್ಡ್ ಮಿಲ್ಹಸ್ ನಿಕ್ಸನ್, ಈ ನಾಲ್ವರ ನಡುಹೆಸರೂ ಅವರವರ ತಾಯಿಯ ತವರಿನ ಅಡ್ಡಹೆಸರು. ಅಡ್ಡಹೆಸರಿಗೆ ಗಂಡು ಹೆಣ್ಣೆಂಬ ಭೇದವಿಲ್ಲವಾದ್ದರಿಂದ, ಯಾರೂ ಹಾಗೆಂದು ಉದ್ದೇಶಿಸದೆಯೇ ಇಬ್ಬರಿಗೂ ಸಲ್ಲುವ ನಡುಹೆಸರುಗಳು ಆ ಸಮಾಜದಲ್ಲಿ ಹುಟ್ಟಿಕೊಂಡವು. ಹ್ಯಾರಿ ಎಸ್ ಟ್ರೂಮನ್ ಅವರದಂತೂ ನಮ್ಮ ಹಳ್ಳಿಯ ಬೀಗರ ಪಂಚಾಯಿತಿಯ ಕತೆಯಂತಿದೆ. ಒಬ್ಬ ಅಜ್ಜನ ಹೆಸರು ಸಾಲೊಮನ್, ಇನ್ನೊಬ್ಬ ಅಜ್ಜನ ಹೆಸರಿನ ನಡುವೆ ಶಿಪ್. ಯಾರ ಹೆಸರಿಟ್ಟರೆ ಯಾರಿಗೆ ಸಿಟ್ಟೋ ಎಂದು ಇಬ್ಬರಿಗೂ ಒಪ್ಪುವ ಎಸ್ ಎಂಬ ಒಂದೇ ಅಕ್ಷರವನ್ನು ಇಟ್ಟು ಮುಗಿಸಿದರು. ಆ ಎಸ್ ಯಾವ ಹೆಸರಿನ ಸಂಕ್ಷೇಪವೂ ಅಲ್ಲ. ಇನಿಷಿಯಲ್ಲಿನೊಂದಿಗೇ ಹುಟ್ಟಿ ಬೆಳೆದ ನಮಗೆ ಅದರಲ್ಲಿ ವಿಚಿತ್ರವೇನೂ ಕಾಣದು.

ಈಗ ಜರ್ಮನಿಗೆ ಬರೋಣ, ಏಕೆಂದರೆ ಅಲ್ಲಿಯ ಒಂದು ಪ್ರಕರಣದಲ್ಲಿ ನಮ್ಮ ಮನೆಗಳಲ್ಲಿ ಓಡಾಡುವ ಹೆಸರೊಂದು ಸಂವಿಧಾನ ನ್ಯಾಯಾಲಯದ ಮೆಟ್ಟಿಲು ಹತ್ತಿದೆ. ಬಹುಕಾಲ ಅಲ್ಲಿಯ ನೋಂದಣಿ ಅಧಿಕಾರಿಗಳು ಒಂದು ನಿಯಮವನ್ನು ಪಾಲಿಸಿಕೊಂಡು ಬಂದಿದ್ದರು: ಹೆಸರನ್ನು ಓದಿದರೆ ಗಂಡೋ ಹೆಣ್ಣೋ ತಿಳಿಯಬೇಕು, ತಿಳಿಯದಿದ್ದರೆ ಅದನ್ನು ತಿಳಿಸುವ ಎರಡನೆಯ ಹೆಸರೊಂದನ್ನು ಜೊತೆಗೆ ಕಟ್ಟಬೇಕು. ಭಾರತದ ನಂಟಿದ್ದ ಒಂದು ಕುಟುಂಬ ತಮ್ಮ ಹೆಣ್ಣುಮಗುವಿಗೆ ಕಿರಣ್ ಎಂದು ಹೆಸರಿಟ್ಟಿತು. ಅಧಿಕಾರಿಗಳು ಒಪ್ಪಲಿಲ್ಲ, ಹೆಣ್ಣೆಂದು ತೋರಿಸುವ ಇನ್ನೊಂದು ಹೆಸರು ಸೇರಿಸಿ ಎಂದರು. ವ್ಯಾಜ್ಯ ಮೇಲಿಂದ ಮೇಲಿನ ನ್ಯಾಯಾಲಯಗಳಿಗೆ ಹೋಗಿ, 2008ರ ಡಿಸೆಂಬರ್ 5ರಂದು ಸಂವಿಧಾನ ನ್ಯಾಯಾಲಯವು ಹೆಸರು ಲಿಂಗವನ್ನು ಸೂಚಿಸಲೇಬೇಕೆಂದು ಜರ್ಮನಿಯ ಯಾವ ಕಾನೂನೂ ಹೇಳುವುದಿಲ್ಲ, ಮಗುವಿನ ಹಿತಕ್ಕೆ ಧಕ್ಕೆ ಬಾರದಿರುವವರೆಗೆ ಹೆಸರಿನ ಆಯ್ಕೆ ತಂದೆತಾಯಿಗಳದು ಎಂದು ತೀರ್ಪಿತ್ತಿತು. ಕಿರಣ್ ಮಜುಂದಾರ್ ಷಾ ಅವರನ್ನೂ ಅದೇ ಹೆಸರಿನ ಅದೆಷ್ಟೋ ಹುಡುಗರನ್ನೂ ಒಟ್ಟಿಗೆ ಬಲ್ಲ ಬೆಂಗಳೂರಿಗರಿಗೆ ಇದು ಕೋರ್ಟಿಗೆ ಹೋಗುವ ವಿಷಯವೇ ಎನಿಸೀತು. ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೆ: ಆ ಹಳೆಯ ನಿಯಮದಲ್ಲಿ ನಡುಹೆಸರು ಎಂಬುದು ಲಿಂಗದ ಚೀಟಿ ಅಂಟಿಸುವ ಜಾಗವಾಗಿತ್ತು. ಇದಕ್ಕೆ ಅಪವಾದವಾಗಿ ಅವರಲ್ಲಿಯೇ ಒಂದು ಸುಂದರವಾದ ಸಂಪ್ರದಾಯವೂ ಇತ್ತು. ಗಂಡುಮಗುವಿನ ಮೊದಲ ಹೆಸರು ಸ್ಪಷ್ಟವಾಗಿ ಗಂಡಿನದಾಗಿದ್ದರೆ ಎರಡನೆಯ ಹೆಸರಾಗಿ ಮರಿಯಾ ಎಂದು ಇಡಬಹುದಾಗಿತ್ತು. ಸಂಗೀತಗಾರ ಕಾರ್ಲ್ ಮರಿಯಾ ಫಾನ್ ವೇಬರ್, ಕವಿ ರೈನರ್ ಮರಿಯಾ ರಿಲ್ಕೆ ಇವರೆಲ್ಲ ಮೇರಿ ತಾಯಿಯ ಹೆಸರನ್ನು ನಡುವೆ ಹೊತ್ತ ಗಂಡಸರು.

ಐಸ್‌ಲ್ಯಾಂಡಿನವರದು ಇದಕ್ಕೆ ತದ್ವಿರುದ್ಧ. ಅಲ್ಲಿ ಬಹುಪಾಲು ಜನರಿಗೆ ಅಡ್ಡಹೆಸರೇ ಇಲ್ಲ. ನಮ್ಮಂತೆ ತಂದೆಯ ಹೆಸರು, ಕೆಲವೊಮ್ಮೆ ತಾಯಿಯ ಹೆಸರು, ಅದರ ತುದಿಗೆ ಮಗ ಅಥವಾ ಮಗಳು ಎಂಬ ಪದ. ಗಂಡಿಗೆ ಗಂಡಿನ ಹೆಸರು, ಹೆಣ್ಣಿಗೆ ಹೆಣ್ಣಿನ ಹೆಸರು ಎಂಬ ನಿಯಮ ಬಿಗಿಯಾಗಿತ್ತು. ಎಷ್ಟು ಬಿಗಿ ಎಂದರೆ, ತಂಗಾಳಿ ಎಂಬ ಅರ್ಥದ ಬ್ಲೈರ್ ಎಂಬ ಹೆಸರು ವ್ಯಾಕರಣದ ಪ್ರಕಾರ ಪುಲ್ಲಿಂಗವೆಂದು, ಆ ಹೆಸರಿನಿಂದಲೇ ಬೆಳೆದ ಹುಡುಗಿಯೊಬ್ಬಳನ್ನು ಸರ್ಕಾರಿ ಕಾಗದಗಳು ಹದಿನೈದು ವರ್ಷ 'ಹುಡುಗಿ' ಎಂದಷ್ಟೇ ಕರೆದವು. 2013ರಲ್ಲಿ ನ್ಯಾಯಾಲಯ ಅವಳ ಹೆಸರನ್ನು ಅವಳಿಗೆ ಕೊಡಿಸಿತು, 2019ರ ಕಾಯ್ದೆಯೊಂದು ಆ ನಿಯಮವನ್ನೇ ತೆಗೆದುಹಾಕಿತು. ಆದರೆ ಅಷ್ಟು ಬಿಗಿಯಿದ್ದ ಕಾಲದಲ್ಲಿಯೂ, 1996ರ ಹೆಸರುಗಳ ಕಾಯ್ದೆ ನಡುಹೆಸರೆಂಬ ಒಂದು ಪ್ರತ್ಯೇಕ ವರ್ಗವನ್ನು ಮಾಡಿ, ಅದು ಗಂಡಿಗೂ ಹೆಣ್ಣಿಗೂ ಸಮಾನವಾಗಿ ಸಲ್ಲುತ್ತದೆ ಎಂದಿತ್ತು. ಅದಕ್ಕೆ ವಿಧಿಸಿದ ಷರತ್ತು ವ್ಯಾಕರಣದ ಮೇಷ್ಟರಿಗೆ ರೋಮಾಂಚನ ತರುವಂಥದ್ದು: ಆ ಹೆಸರು ತಮ್ಮ ಭಾಷೆಯ ಪ್ರಕೃತಿಯಿಂದ, ಅಂದರೆ ಮೂಲ ಪದದಿಂದ, ಹುಟ್ಟಿರಬೇಕು, ಮತ್ತು ಅದಕ್ಕೆ ಪ್ರಥಮಾ ವಿಭಕ್ತಿಯ ಪ್ರತ್ಯಯ ಹತ್ತಿರಬಾರದು. ಅವರ ಭಾಷೆಯಲ್ಲಿ ಲಿಂಗವು ಆ ಪ್ರತ್ಯಯದಲ್ಲಿ ತೋರುವುದರಿಂದ, ಪ್ರತ್ಯಯವನ್ನು ಕಳಚಿದರೆ ಉಳಿಯುವುದು ಲಿಂಗವಿಲ್ಲದ ಬರಿಯ ಮಾತಿನ ಬೇರು.

ಈ ಷರತ್ತನ್ನು ಮಗಳು ಓದಿ ಹೇಳಿದಾಗ ನಾನು ಮೇಜಿನಿಂದ ಎದ್ದೇಬಿಟ್ಟೆ. ಏಕೆಂದರೆ ಇದು ನಮ್ಮ ಹಳ್ಳಿಯ ಹೆಸರುಗಳ ಲೆಕ್ಕವೇ.

ನಮ್ಮಲ್ಲಿ ಹೆಸರಿಗೆ ಲಿಂಗ ಹತ್ತಿಸುವ ಎರಡು ಬಗೆಗಳಿವೆ. ಒಂದು ಸಂಸ್ಕೃತದ್ದು. ಗಂಡುಮಗುವಿನ ಹೆಸರಿನಲ್ಲಿ ಸಮಸಂಖ್ಯೆಯ ಅಕ್ಷರಗಳು, ಹೆಣ್ಣಿನದರಲ್ಲಿ ಬೆಸಸಂಖ್ಯೆಯವು ಎಂದು ಆಶ್ವಲಾಯನ ಗೃಹ್ಯಸೂತ್ರ ಹೇಳುತ್ತದೆ. ಹೆಣ್ಣಿನ ಹೆಸರು ದೀರ್ಘಸ್ವರದಲ್ಲಿ ಕೊನೆಗೊಳ್ಳಬೇಕೆಂದು ಮನುಸ್ಮೃತಿ ಹೇಳುತ್ತದೆ. ಅಕ್ಷರ ಎಣಿಸುವ ನಿಯಮ ಮರೆಗೆ ಸರಿದು, ಸ್ವರದ ನಿಯಮ ಉಳಿಯಿತು: ಚೇತನ ಗಂಡು, ಚೇತನಾ ಹೆಣ್ಣು. ಈ ಸೂಕ್ಷ್ಮವನ್ನು ರೋಮನ್ ಅಕ್ಷರ ನುಂಗಿಹಾಕುತ್ತದೆ ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಹ್ರಸ್ವಕ್ಕೂ ದೀರ್ಘಕ್ಕೂ ಅಲ್ಲಿ ಒಂದೇ ಅಕ್ಷರ, ಮೇಲಾಗಿ ಅಕಾರದಲ್ಲಿ ಮುಗಿಯುವ ಹೆಸರೆಂದರೆ ಪಡುವಣದವರ ಕಿವಿಗೆ ಹೆಣ್ಣು. ಆದಿತ್ಯ, ಕೃಷ್ಣ ಎಂಬ ನಿಮ್ಮ ಗಂಡುಮಕ್ಕಳಿಗೆ ಇಲ್ಲಿಯ ಶಾಲೆಯಿಂದ ಕುಮಾರಿ ಎಂದು ಪತ್ರ ಬಂದದ್ದು ಈ ಸಭೆಯಲ್ಲಿ ಒಬ್ಬಿಬ್ಬರಿಗಾದರೂ ನೆನಪಿದ್ದೀತು.

ಇನ್ನೊಂದು ಬಗೆ ಕನ್ನಡದ್ದು, ನನ್ನ ಮಟ್ಟಿಗೆ ಹೆಚ್ಚು ಉದಾರವಾದದ್ದು. ಇದರಲ್ಲಿ ಹೆಸರಿನ ಬೇರಿಗೆ ಲಿಂಗವಿಲ್ಲ. ಅಪ್ಪ, ಅಣ್ಣ, ಅಯ್ಯ ಎಂದು ಸೇರಿಸಿದರೆ ಗಂಡು, ಅಮ್ಮ, ಅಕ್ಕ, ಅವ್ವ ಎಂದು ಸೇರಿಸಿದರೆ ಹೆಣ್ಣು. ಹೊನ್ನು ಎಂಬುದೊಂದೇ ಬೇರು: ಚಿಕ್ಕದೇವರಾಜ ಒಡೆಯರ ಕಾಲದ ಕವಯಿತ್ರಿ ಸಂಚಿ ಹೊನ್ನಮ್ಮ, ರಂಗಭೂಮಿಯ ಹೊನ್ನಪ್ಪ ಭಾಗವತರ್. ಕೆಂಪಯ್ಯ, ಕೆಂಪಮ್ಮ; ಪುಟ್ಟಪ್ಪ, ಪುಟ್ಟಮ್ಮ; ತಿಮ್ಮಪ್ಪ, ತಿಮ್ಮಕ್ಕ; ನಿಂಗಪ್ಪ, ನಿಂಗವ್ವ. ದೇವರ ಹೆಸರಿಡುವಾಗಲೂ ಆ ದೇವರು ಗಂಡೋ ಹೆಣ್ಣೋ ಎಂದು ನಮ್ಮ ಹಿರಿಯರು ತಲೆ ಕೆಡಿಸಿಕೊಳ್ಳಲಿಲ್ಲ. ಸವದತ್ತಿಯ ಯಲ್ಲಮ್ಮನಿಗೆ ಹರಕೆ ಹೊತ್ತು ಹುಟ್ಟಿದ ಗಂಡುಮಗು ಯಲ್ಲಪ್ಪನಾದ. ದುರ್ಗವ್ವ, ದ್ಯಾಮವ್ವ ಎಂಬ ಗ್ರಾಮದೇವತೆಯರಿಂದ ದುರ್ಗಪ್ಪ, ದ್ಯಾಮಪ್ಪರು ಬಂದರು. ಅತ್ತ ಶಿವ, ಬಸವ, ಮಲ್ಲಯ್ಯರಿಂದ ಶಿವವ್ವ, ಬಸವ್ವ, ಮಲ್ಲವ್ವ. ಗದೆ ಹಿಡಿದ ಭೀಮನ ಹೆಸರಿಗೆ ಅವ್ವ ಎಂದು ಸೇರಿಸಿದರೆ ದೇವರನಾಮಗಳನ್ನು ರಚಿಸಿದ ಹರಪನಹಳ್ಳಿ ಭೀಮವ್ವ. ಬ್ರಹ್ಮಚಾರಿ ಹನುಮಂತನನ್ನೂ ಬಿಡದೆ ಹನಮವ್ವಂದಿರನ್ನು ಮಾಡಿಟ್ಟ ನಾಡು ನಮ್ಮದು. ನನ್ನ ಅಜ್ಜಿಯ ಊರಿನಲ್ಲಿ ಫಕೀರಪ್ಪ, ಫಕೀರವ್ವ ಎಂಬ ಅಣ್ಣತಂಗಿಯರಿದ್ದರು. ಅವರ ಮನೆಯಲ್ಲಿ ಲಿಂಗಪೂಜೆ ನಡೆಯುತ್ತಿತ್ತು, ಹೆಸರು ಮಾತ್ರ ದರ್ಗಾದ ಹರಕೆಯದು.

ಪೇಟೆಗೆ ಬಂದ ನಾವು ಅಪ್ಪ, ಅವ್ವಗಳನ್ನು ಹಳ್ಳಿಗಾಡಿನದೆಂದು ನಾಚಿ ಬಿಟ್ಟುಕೊಟ್ಟು, ಹೆಸರುಗಳನ್ನೆಲ್ಲ ಸಂಸ್ಕೃತದ ಸ್ವರದ ಲೆಕ್ಕಕ್ಕೆ ಒಪ್ಪಿಸಿದೆವು. ನನ್ನ ಸಲಹೆ ಇದು: ನಡುವಿನ ಜಾಗದಲ್ಲಾದರೂ ಕನ್ನಡದ ಆ ಬೇರನ್ನು, ಹಿಂದೆ ಏನೂ ಹತ್ತಿಸದೆ, ಹಾಗೆಯೇ ಇಡಬಹುದು. ಉಕಾರದಲ್ಲಿ ಮುಗಿಯುವ ಅಚ್ಚಗನ್ನಡದ ಮಾತುಗಳು ಇದಕ್ಕೆ ಹೇಳಿಮಾಡಿಸಿದಂತಿವೆ. ಬೆಳಕು, ಚಿಗುರು, ಹೊನಲು, ಕಡಲು, ಒಲವು, ಅರಿವು ಎಂಬ ಮಾತುಗಳನ್ನು ಕೇಳಿದರೆ ಗಂಡಿನ ಚಿತ್ರವೂ ಕಣ್ಣಮುಂದೆ ಬರುವುದಿಲ್ಲ, ಹೆಣ್ಣಿನದೂ ಬರುವುದಿಲ್ಲ. ಗಂಡು, ಹೆಣ್ಣು ಎಂಬ ಮಾತುಗಳೇ ಉಕಾರದಲ್ಲಿ ಮುಗಿಯುವ ನಪುಂಸಕಲಿಂಗದ ಪದಗಳಲ್ಲವೇ? ಗಂಡು ಒಪ್ಪಿತು, ಹೆಣ್ಣು ಒಪ್ಪಿತು ಎನ್ನುತ್ತೇವೆ. ಕೂಸಿನ ಮಾತಂತೂ ಕೇಳಲೇಬೇಡಿ. ಮಗು ಅತ್ತಿತು, ಕೂಸು ನಕ್ಕಿತು, ಶಿಶು ಮಲಗಿದೆ. ಹೆರಿಗೆಯ ಕೋಣೆಯಲ್ಲಿ ಜರ್ಮನ್ ದಾದಿಯೂ ಮಗುವನ್ನು ನಪುಂಸಕಲಿಂಗದಲ್ಲಿಯೇ ಮಾತನಾಡಿಸುತ್ತಿದ್ದಳಂತೆ. ಅವರ ಭಾಷೆಯಲ್ಲಿ ಮಗು ಮಾತ್ರವಲ್ಲ, ಹುಡುಗಿ ಎಂಬ ಪದವೂ ನಪುಂಸಕಲಿಂಗ. ಬೇರೆ ಬೇರೆ ಭಾಷೆಯ ನಾವಿಬ್ಬರೂ ಆ ಒಂದು ತಿಂಗಳು ಕೂಸನ್ನು 'ಅದು' ಎಂದೇ ಕರೆದೆವು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಸೇರಿಸಬೇಕು. ನಪುಂಸಕಲಿಂಗ ಎಂದ ಮಾತ್ರಕ್ಕೆ ಅದರಲ್ಲಿ ಸಮಾನತೆ ತಾನಾಗಿ ಬಂದು ಕೂರುವುದಿಲ್ಲ. ಹವ್ಯಕ ಕನ್ನಡದಲ್ಲಿ ಹೆಂಗಸರಿಗೆ ನಪುಂಸಕಲಿಂಗದ ಕ್ರಿಯಾಪದ ಬಳಸುವುದು ರೂಢಿ. ಆಡುವವರ ಬಾಯಲ್ಲಿ ಅದು ಪ್ರೀತಿಯದೇ ಇರಬಹುದು, ಆದರೆ ಗಂಡಸರಿಗೆ ಆ ಪ್ರೀತಿ ಸಲ್ಲುವುದಿಲ್ಲ. ಆದ್ದರಿಂದ ಇಬ್ಬರಿಗೂ ಸಲ್ಲುವ ಹೆಸರು ಎಂದು ನಾವು ಹೇಳುವಾಗ, ಮಗಳಿಗೆ ಅದನ್ನು ಇಟ್ಟು, ಮುಂದೆ ಹುಟ್ಟುವ ಮಗನಿಗೆ ಮಾತ್ರ ಅಜ್ಜನ ಹೆಸರನ್ನು ಮೀಸಲಿಡುವ ಆಟ ಆಡಬಾರದು. ಅಳಿಯನ ಮುಂದೆ ಈ ಮಾತನ್ನು ನಾನು ಸ್ಪಷ್ಟವಾಗಿಯೇ ಹೇಳಿದೆ.

ಇನ್ನು ಆರಿಸುವ ಕೆಲಸ. ಪಟ್ಟಿ ಮಾಡುವುದು ಸುಲಭ, ಹೊಡೆದುಹಾಕುವುದು ಕಷ್ಟ ಎಂದುಕೊಂಡಿದ್ದೆ, ನಮಗಾದದ್ದು ತಿರುಗುಮುರುಗು. ನನಗೆ ಮೊದಲು ಹೊಳೆದ ಹೆಸರು ಮಳೆ. ಧಾರವಾಡದ ಶ್ರಾವಣದಲ್ಲಿ ಹುಟ್ಟಿದ ನನಗೆ ಅದಕ್ಕಿಂತ ದೊಡ್ಡ ಹೆಸರು ಯಾವುದಿದೆ? ಮಗಳು ಅದನ್ನು ರೋಮನ್ ಲಿಪಿಯಲ್ಲಿ ಬರೆದು ನನ್ನ ಕಡೆ ತಿರುಗಿಸಿದಳು. ಎಂ, ಎ, ಎಲ್, ಇ. ಗಂಡು ಹೆಣ್ಣೆಂದು ಹೇಳದ ಹೆಸರು ಹುಡುಕಲು ಹೊರಟವರು ಹೆಣ್ಣುಮಗುವಿನ ಪಾಸ್‌ಪೋರ್ಟಿನ ಮೇಲೆ ಇಂಗ್ಲಿಷಿನಲ್ಲಿ 'ಗಂಡಸು' ಎಂದು ಬರೆಸುವವರಿದ್ದೆವು. ಅಲೆ ಎಂದು ಬರೆದರೆ ಇಂಗ್ಲಿಷರ ಒಂದು ಬಗೆಯ ಬಿಯರ್ ಆಗುತ್ತದೆ. ತೊರೆ ಎಂದು ಬರೆದರೆ ಜರ್ಮನ್ ಭಾಷೆಯಲ್ಲಿ ಫುಟ್‌ಬಾಲಿನ ಗೋಲುಗಳು ಎಂದಾಗುತ್ತದೆ, ಸಾಲದ್ದಕ್ಕೆ ಸ್ಕ್ಯಾಂಡಿನೇವಿಯಾದಲ್ಲಿ ಅದು ಗಂಡಸರ ಹೆಸರು. ಇರುಳು ಎಂದರೆ ಅಜ್ಜಿಯರು ಒಪ್ಪುವುದಿಲ್ಲ. ಇಂಚರ, ಸಿರಿ, ಚುಕ್ಕಿ ಎಂಬವು ಚೆಂದವೇ, ಆದರೆ ಈಗಾಗಲೇ ಹುಡುಗಿಯರ ಪಾಲಾಗಿವೆ. ನೇಸರ ಹುಡುಗರ ಪಾಲಾಗಿದೆ. ಆದ್ದರಿಂದ ಹೆಸರನ್ನು ಕನ್ನಡದಲ್ಲಿ ಒಮ್ಮೆ ಕೂಗಿ ನೋಡಿ, ರೋಮನ್ ಲಿಪಿಯಲ್ಲಿ ಒಮ್ಮೆ ಬರೆದು ನೋಡಿ, ನೀವಿರುವ ದೇಶದ ಪಕ್ಕದ ಮನೆಯವರಿಂದ ಅದನ್ನು ಒಮ್ಮೆ ಓದಿಸಿ ನೋಡಿ. ಳಕಾರ ಣಕಾರಗಳು ಅವರ ನಾಲಗೆಯಲ್ಲಿ ಲಕಾರ ನಕಾರಗಳಾಗುತ್ತವೆ. ಆಗಲೂ ಅರ್ಥ ಕೆಡದ ಹೆಸರಾದರೆ ನೆಮ್ಮದಿ.

ಕಾಗದಪತ್ರಗಳ ಬಗ್ಗೆ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ಭಾರತದಲ್ಲಿ ಹುಟ್ಟುವ ಮಗುವಿನ ಜನನವನ್ನು ಹೆಸರಿಲ್ಲದೆಯೂ ನೋಂದಾಯಿಸಬಹುದು. 1969ರ ಜನನ ಮರಣ ನೋಂದಣಿ ಕಾಯ್ದೆಯ 14ನೆಯ ಕಲಮು ಹೆಸರನ್ನು ಆಮೇಲೆ ಸೇರಿಸಲು ಅವಕಾಶ ಕೊಡುತ್ತದೆ. ಹನ್ನೆರಡು ತಿಂಗಳೊಳಗಾದರೆ ಶುಲ್ಕವಿಲ್ಲ, ಆಮೇಲೆ ಶುಲ್ಕ ಕಟ್ಟಿ ಹದಿನೈದು ವರ್ಷದವರೆಗೂ ಸೇರಿಸಬಹುದು. ಹೊರದೇಶದಲ್ಲಿ ಹುಟ್ಟಿ ಭಾರತದ ಪೌರತ್ವ ಪಡೆಯಬೇಕಾದ ಮಗುವಾದರೆ ಒಂದು ವರ್ಷದೊಳಗೆ ನಮ್ಮ ರಾಯಭಾರ ಕಚೇರಿಯಲ್ಲಿ ನೋಂದಾಯಿಸಬೇಕು. ಭಾರತದ ಪಾಸ್‌ಪೋರ್ಟಿನಲ್ಲಿ ನಡುಹೆಸರಿಗೆ ಖಾನೆಯಿಲ್ಲ; ಸ್ವಂತ ಹೆಸರಿನ ಜೊತೆಗೇ ಅದನ್ನು ಬರೆಯಬೇಕು, ಅಡ್ಡಹೆಸರು ಬೇರೆ. ಅಡ್ಡಹೆಸರಿನ ಖಾನೆಯನ್ನು ಮಾತ್ರ ಖಾಲಿ ಬಿಡಬೇಡಿ. ಒಂದೇ ಹೆಸರಿನ ಪಾಸ್‌ಪೋರ್ಟು ಹಿಡಿದು ಹೋದವರ ಸ್ವಂತ ಹೆಸರನ್ನು ಅಮೆರಿಕದ ವೀಸಾ 'ತಿಳಿದಿಲ್ಲ' ಎಂದು ಮುದ್ರಿಸುತ್ತದೆ. 2022ರ ನವೆಂಬರಿನಿಂದ ಸಂಯುಕ್ತ ಅರಬ್ ಸಂಸ್ಥಾನವು ಅಂಥವರಿಗೆ ಪ್ರವಾಸಿ ವೀಸಾದ ಪ್ರವೇಶವನ್ನೇ ನಿಲ್ಲಿಸಿತು. ಎರಡೂ ದೇಶದ ಕಾಗದಗಳಲ್ಲಿ ಅಕ್ಷರಕ್ಕೆ ಅಕ್ಷರ ಒಂದೇ ಕಾಗುಣಿತವಿರಲಿ. ಈ ಮಾತನ್ನು ಹೇಳಲು ನೋಟರಿಯ ಬಾಗಿಲು ಕಾದ ನನಗಿಂತ ಅರ್ಹರು ಬೇರಾರಿದ್ದಾರೆ?

ಕೊನೆಗೆ ನಮ್ಮ ಮನೆಯವರೆಲ್ಲ ಒಪ್ಪಿದ ಮಾತು ಮುಗಿಲು. ಒಪ್ಪಿದ್ದು ಒಂದು ಜಗಳದ ಮೂಲಕ. ನನಗೆ ಮುಗಿಲೆಂದರೆ ಆಕಾಶ. ನಮ್ಮ ಕಡೆ ಚುಕ್ಕಿ ಮೂಡುವುದು ಮುಗಿಲ ತುಂಬ. ಮೈಸೂರಿನ ಕಡೆಯ ಅಳಿಯನಿಗೆ ಮುಗಿಲೆಂದರೆ ಮೋಡ. "ಅತ್ತೆ, ನೀವು ಹೇಳೋದು ಬಾನು" ಎಂದು ಅವನು, "ನೀವು ಹೇಳೋದು ಮೋಡ, ಅದು ಕರಗಿ ಹೋಗ್ತದ" ಎಂದು ನಾನು, ಚಹಾ ಆರುವವರೆಗೆ ವಾದ ಮಾಡಿದೆವು. ಮಗಳು ಅಷ್ಟರಲ್ಲಿ ಅದನ್ನು ಅರ್ಜಿಯಲ್ಲಿ ಬರೆದೇಬಿಟ್ಟಿದ್ದಳು. ಇಂಗ್ಲಿಷಿನಲ್ಲಿ ಆ ಹೆಸರಿನ ಮೊದಲ ಮೂರು ಅಕ್ಷರಗಳು ಲೋಟ ಎಂದಾಗುತ್ತವೆ, ಶಾಲೆಯ ಮಕ್ಕಳು ಅಣಕಿಸಿಯಾರು ಎಂಬುದೊಂದು ಅಳುಕಿತ್ತು. ನಡುಹೆಸರಿನ ಒಂದು ಉಪಕಾರವೆಂದರೆ ಹಾಜರಿ ಕೂಗುವಾಗ ಅದನ್ನು ಯಾರೂ ಕೂಗುವುದಿಲ್ಲ.

ನೋಂದಣಿ ಕಚೇರಿಗೆ ನಾನೂ ಹೋಗಿದ್ದೆ. ಮೇಜಿನ ಆಚೆಗಿದ್ದ ಮಹಿಳೆ ಗಂಡೋ ಹೆಣ್ಣೋ ಎಂದು ಕೇಳಲೇ ಇಲ್ಲ. ಇದು ಹೆಸರೇ ಹೌದೇ ಎಂದು ಕೇಳಿದಳು. ವಸ್ತುಗಳ ಹೆಸರನ್ನು ಮಕ್ಕಳಿಗಿಡಲು ಅಲ್ಲಿ ಸುಲಭವಾಗಿ ಬಿಡುವುದಿಲ್ಲ, ಅನುಮಾನ ಬಂದರೆ ಹೆಸರುಗಳ ತಜ್ಞರಿಂದ ಅಭಿಪ್ರಾಯ ತರಿಸುತ್ತಾರೆ. ನಾನು ಹೆಮ್ಮೆಯಿಂದ ಕಿಟ್ಟೆಲ್ಲರ ನಿಘಂಟಿನ ಪುಟವನ್ನು ಮಗಳ ಫೋನಿನಲ್ಲಿ ತೆರೆಸಿದೆ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚು ಹಾಕಿದ ಕನ್ನಡದ ಆ ದೊಡ್ಡ ನಿಘಂಟನ್ನು ಮಾಡಿದವರು ನಿಮ್ಮ ದೇಶದವರೇ, ಟ್ಯೂಬಿಂಗೆನ್ನಿನಲ್ಲಿ ತೀರಿಕೊಂಡವರು ಎಂದೆ, ಮಗಳು ಅನುವಾದಿಸಿದಳು. ಆ ಮಹಿಳೆ ಪುಟವನ್ನು ಗೌರವದಿಂದಲೇ ನೋಡಿ, ನಿಘಂಟಿನಲ್ಲಿರುವುದು ಪದ, ನನಗೆ ಬೇಕಾದದ್ದು ಹೆಸರು ಎಂದಳು. ಮೂವತ್ತು ವರ್ಷ ಪಾಠ ಹೇಳಿದವಳ ಬಾಯಿ ಕಟ್ಟಿತು. ಆಗ ಮಗಳು, ಕಿರಣ್ ಎಂಬ ಹೆಸರು ನಿಮಗೆ ಗೊತ್ತಿರಬೇಕಲ್ಲ, ಅದರ ಅರ್ಥ ಬೆಳಕಿನ ಎಳೆ, ನಮ್ಮಲ್ಲಿ ಪದಗಳೇ ಹೆಸರಾಗುತ್ತವೆ ಎಂದಳು. ಆ ಮಹಿಳೆ ಮೊದಲ ಸಲ ನಕ್ಕಳು. ಕಾಗುಣಿತವನ್ನು ಒಂದೊಂದೇ ಅಕ್ಷರವಾಗಿ ಕೇಳಿ ಬರೆದುಕೊಂಡಳು.

ಹದಿಮೂರನೆಯ ದಿನ ತೊಟ್ಟಿಲು ಶಾಸ್ತ್ರ. ತೊಟ್ಟಿಲೆಂದರೆ ಅಲ್ಲಿಯ ಅಂಗಡಿಯಲ್ಲಿ ಕೊಂಡ, ಕಾಲುಗಳಿಗೆ ಗಾಲಿಯಿದ್ದ ಒಂದು ಮಂಚ. ಅದಕ್ಕೆ ನನ್ನ ಹಳೆಯ ಇಳಕಲ್ ಸೀರೆಯ ಸೆರಗನ್ನು ಹಾಸಿದ್ದೆ. ಸೋದರತ್ತೆ ಮೈಸೂರಿನಿಂದ ಬರಲಾಗದ್ದರಿಂದ ಕಿವಿಯಲ್ಲಿ ಹೆಸರು ಹೇಳುವ ಸರದಿ ನನ್ನದಾಯಿತು, ಬೆನ್ನಿಗೆ ಗುದ್ದುವ ಸರದಿ ನೆರೆಮನೆಯ ಇಬ್ಬರು ಕನ್ನಡದ ಹೆಣ್ಣುಮಕ್ಕಳದು. ಅವರು ಗುದ್ದಿದರು ಕೂಡ, ಸ್ವಲ್ಪ ಜೋರಾಗಿಯೇ. ನಾನು ಬಗ್ಗಿ ಕೂಸಿನ ಬಲಗಿವಿಯಲ್ಲಿ ಮೊದಲ ಹೆಸರು ಹೇಳಿದೆ, ಮುಗಿಲು ಎಂದೆ, ಅಡ್ಡಹೆಸರು ಹೇಳಿದೆ. ಕೂಸು ಮೂರನ್ನೂ ಕೇಳಿಸಿಕೊಂಡು ಒಮ್ಮೆ ಆಕಳಿಸಿತು, ಮುಷ್ಟಿ ಬಿಗಿದು ನಿದ್ದೆ ಹೋಯಿತು.